ಇಂಗ್ಲಿಷ್ ಬರುತ್ತೆ, ಆದ್ರೂ ಕನ್ನಡದಲ್ಲೇ ಮಾತಾಡ್ತೀನಿ ಅಂದ್ರೆ ತಪ್ಪಾ?

ಪ್ರಶ್ನೆ: ಸರ್ ನಮಸ್ಕಾರ. ನಾನು ದಾವಣಗೆರೇಲಿ ಬಿಎ ಎರಡನೇ ವರ್ಷ ಓದ್ತಾ ಇದೀನಿ, ಊರು ನ್ಯಾಮತಿ ತಾಲೂಕಿನ ಒಂದು ತಾಂಡಾ. ಹೋದ ತಿಂಗಳು ಕಾಲೇಜಲ್ಲಿ ಅಣಕು ಸಂಸತ್ತು ಸ್ಪರ್ಧೆ ಇತ್ತು. ನಾನು ದಾವಣಗೆರೆ ಎಂಪಿ ಆಗಿದ್ದೆ, ಭದ್ರಾ ನಾಲೆ ನೀರು ಕೊನೇ ಭಾಗದ ಹೊಲಗಳಿಗೆ ಮುಟ್ಟಲ್ಲ ಅನ್ನೋ ವಿಷ್ಯ ತಗೊಂಡು ಕನ್ನಡದಲ್ಲಿ ಮಾತಾಡಿದೆ. ತೀರ್ಪುಗಾರರೊಬ್ರು "ಇದು ಪಾರ್ಲಿಮೆಂಟಮ್ಮ, ವಿಧಾನಸೌಧ ಅಲ್ಲ, ಅಲ್ಲಿ ಹಿಂದಿ ಇಲ್ಲಾ ಇಂಗ್ಲಿಷು, ನಿಂಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಲ್ಲ, ಮತ್ಯಾಕೆ?" ಅಂತ ಕೇಳಿ ಮಾರ್ಕ್ಸ್ ಕಟ್ ಮಾಡಿದ್ರು. ಫ್ರೆಂಡ್ಸೆಲ್ಲ "ನೀನೇ ನಿಜವಾದ ಕನ್ನಡತಿ" ಅಂದ್ರು, ಆದ್ರೆ ಸರ್ ನಮ್ಮನೇಲಿ ಮಾತಾಡೋದು ಲಂಬಾಣಿ. ನಾನು ಮಾಡಿದ್ದು ಸರೀನಾ? ನಿಜವಾದ ಪಾರ್ಲಿಮೆಂಟಲ್ಲಿ ಕನ್ನಡ ಮಾತಾಡಿದ್ರೆ ಕೇಳೋರು ಯಾರು? ನನ್ನ ಭಾಷೆ ಅಂತ ನಾನು ಯಾವುದನ್ನ ಹೇಳ್ಬೇಕು?

ಉತ್ತರ: ನೋಡಮ್ಮಾ, ಮೊದ್ಲು ಮಾರ್ಕ್ಸ್ ವಿಷ್ಯ ಮುಗಿಸಿಬಿಡ್ತೀನಿ. ನೀನು ಕನ್ನಡದಲ್ಲಿ ಮಾತಾಡಿದ್ದು ಸರಿ, ಕಟ್ ಮಾಡಿದ್ದು ತಪ್ಪು. ಲೋಕಸಭೇಲೂ ರಾಜ್ಯಸಭೇಲೂ ಕನ್ನಡದಲ್ಲಿ ಮಾತಾಡೋಕೆ ಅವಕಾಶ ಇದೆ, ಅದನ್ನ ಕೇಳಿ ಹಿಂದಿಗೆ ಇಂಗ್ಲಿಷ್‌ಗೆ ಹೇಳೋ ಜನಾನೂ ಅಲ್ಲಿ ಇದಾರೆ, ಇದು ನಿನ್ನೆ ಮೊನ್ನೆ ಬಂದಿದ್ದಲ್ಲ. ಆದ್ರೆ ನಿನ್ನ ಪತ್ರ ಓದಿದ ಮೇಲೆ ನನ್ನ ತಲೇಲಿ ಉಳ್ಕೊಂಡಿದ್ದು ಮಾರ್ಕ್ಸ್ ಅಲ್ಲ, ಆ ತೀರ್ಪುಗಾರರ ಒಂದೇ ಒಂದು ಮಾತು, "ನಿಂಗೆ ಇಂಗ್ಲಿಷ್ ಬರುತ್ತಲ್ಲ" ಅಂದ್ರಲ್ಲ, ಅದು. ಮೂವತ್ತು ವರ್ಷ ಚಿತ್ರದುರ್ಗ ದಾವಣಗೆರೆ ಕಾಲೇಜುಗಳಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿದೀನಿ, ಈ ಮಾತನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಅವರು ಅದನ್ನ ತಮ್ಮ ತಲೆಯಿಂದ ತಂದಿದ್ದೂ ಅಲ್ಲ, ನಮ್ಮ ಸಂವಿಧಾನದೊಳಗೇ ಆ ಮಾತಿನ ಬೇರಿದೆ.

120ನೇ ವಿಧಿ ತೆಗೆದು ಓದು. ಸಂಸತ್ತಿನ ಕಲಾಪ ಹಿಂದೀಲಿ ಇಲ್ಲಾ ಇಂಗ್ಲಿಷಲ್ಲಿ ನಡೀಬೇಕು ಅಂತ ಮೊದ್ಲು ಹೇಳುತ್ತೆ. ಆಮೇಲೆ ಒಂದು "ಆದರೆ" ಬರುತ್ತೆ. ಈ ಎರಡು ಭಾಷೇಲೂ ತನ್ನ ಮಾತನ್ನ ಸರಿಯಾಗಿ ಹೇಳ್ಕೊಳ್ಳೋಕೆ ಆಗದ ಸದಸ್ಯ ಇದ್ರೆ, ಅಂಥವರಿಗೆ ಮಾತೃಭಾಷೇಲಿ ಮಾತಾಡೋಕೆ ಲೋಕಸಭೇಲಿ ಸ್ಪೀಕರ್, ರಾಜ್ಯಸಭೇಲಿ ಸಭಾಪತಿ ಅನುಮತಿ ಕೊಡಬಹುದು ಅಂತ. ಗಮನಿಸು, ಕೊಡಬಹುದು. ಕೊಡಲೇಬೇಕು ಅಂತಿಲ್ಲ. ಮತ್ತೆ ಯಾರಿಗೆ ಕೊಡಬಹುದು? ಆಗದವರಿಗೆ. ಅಂದ್ರೆ ಮನೇಲಿ ಮಾತಾಡೋ ಭಾಷೆ ಆ ಸಭೆಯೊಳಗೆ ಹೋಗ್ಬೇಕಾದ್ರೆ ತಲೆಬಾಗಿಲಿಂದ ಅಲ್ಲ, ಹಿತ್ತಲ ಬಾಗಿಲಿಂದ, ಅದೂ "ನಂಗೆ ಬೇರೆ ಭಾಷೆ ಬರಲ್ಲ ಸ್ವಾಮಿ" ಅಂತ ಕೈಮುಗಿದು ಹೋಗ್ಬೇಕು. ನಿನ್ನ ತೀರ್ಪುಗಾರರು ಕೇಳಿದ್ದು ಇದನ್ನೇ. ನಿಂಗೆ ಆಗುತ್ತಲ್ಲ, ಮತ್ಯಾಕೆ ಹಿತ್ತಲಲ್ಲಿ ಬಂದೆ ಅಂತ.

ಇದಕ್ಕೆ ಉತ್ತರ ಕೊಟ್ಟೋರು ಬೇರೆ ಯಾರೂ ಅಲ್ಲ, ನಿನ್ನ ಜಿಲ್ಲೆಯವರೇ. ಚನ್ನಗಿರಿ ತಾಲೂಕಿನ ಕಾರಿಗನೂರು ಗೊತ್ತಲ್ಲ, ಆ ಊರಿನ ಜೆ.ಎಚ್. ಪಟೇಲರು. 1967ರಲ್ಲಿ ಶಿವಮೊಗ್ಗ ಕ್ಷೇತ್ರದಿಂದ ಸಂಯುಕ್ತ ಸೋಷಲಿಸ್ಟ್ ಪಾರ್ಟಿಯಿಂದ ಗೆದ್ದು ಲೋಕಸಭೆಗೆ ಹೋದ್ರು, ಆಗ ಚನ್ನಗಿರಿ ಇನ್ನೂ ಶಿವಮೊಗ್ಗ ಜಿಲ್ಲೇಲಿತ್ತು, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದೂ ಅವರೇ ಮುಖ್ಯಮಂತ್ರಿ ಆಗಿದ್ದಾಗ. ಲೋಕಸಭೇಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದ್ದು ಪಟೇಲರು. ಸ್ಪೀಕರ್ ಕುರ್ಚೀಲಿ ಆಗ ಇದ್ದೋರು ನೀಲಂ ಸಂಜೀವ ರೆಡ್ಡಿ, ನಮ್ಮ ಮೊಳಕಾಲ್ಮೂರು ಚಳ್ಳಕೆರೆ ಗಡಿ ದಾಟಿದ್ರೆ ಸಿಗೋ ಅನಂತಪುರ ಜಿಲ್ಲೆಯವರು. ಈ ಕಥೆಯನ್ನ ನಮ್ಮ ಕಡೆ ಎಲ್ರೂ ಹೆಮ್ಮೆಯಿಂದ ಹೇಳ್ತಾರೆ, ಆದ್ರೆ ಅದ್ರಲ್ಲಿರೋ ಮುಖ್ಯವಾದ ಸಂಗತೀನ ಬಿಟ್ಟುಬಿಡ್ತಾರೆ ಅನ್ಸುತ್ತೆ ನಂಗೆ. ಪಟೇಲರಿಗೆ ಇಂಗ್ಲಿಷ್ ಬರ್ತಿತ್ತು! ಕಾನೂನು ಓದಿದೋರು, ತುಂಬ ಓದ್ಕೊಂಡೋರು. ಇಂಗ್ಲಿಷ್ ಬಾರದೆ ಕನ್ನಡಕ್ಕೆ ಬಂದೋರಲ್ಲ. ಬರ್ತಿದ್ರೂ ಬೇಡ ಅಂದೋರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಗರಡೀಲಿ ಬೆಳೆದೋರು, ರಾಮಮನೋಹರ ಲೋಹಿಯಾ ಹಾದಿಯೋರು, ಇಂಗ್ಲಿಷ್ ಅನ್ನೋದು ಬೆರಳೆಣಿಕೆ ಜನರ ಕೈಲಿರೋ ಬೀಗದ ಕೈ, ಅದಿರೋವರೆಗೂ ಹಳ್ಳಿ ಮನುಷ್ಯ ಅಧಿಕಾರದ ಹೊರಗೇ ನಿಂತಿರ್ತಾನೆ ಅಂತ ನಂಬಿದ್ದ ಗುಂಪು ಅದು. ಸಂವಿಧಾನ "ಆಗದವರಿಗೆ" ಅಂತ ಇಟ್ಟಿದ್ದ ಜಾಗದಲ್ಲಿ "ಆಗುತ್ತೆ, ಆದ್ರೂ ನಂಗೆ ಇದೇ ಬೇಕು" ಅನ್ನೋ ಒಬ್ಬ ಮನುಷ್ಯ ಎದ್ದು ನಿಂತಿದ್ದು, ಅದು ದೊಡ್ಡದು. ನೀನು ಅಣಕು ಸಂಸತ್ತಲ್ಲಿ ಮಾಡಿದ್ದೂ ಅದೇ, ಗೊತ್ತಿಲ್ದೇನೇ.

ಸಂವಿಧಾನ ಬರೆದೋರು ಯಾಕೆ ಹೀಗೆ ಬರೆದ್ರು ಅಂತ ನೀನು ಕೇಳಬಹುದು. ಉದ್ದ ಕಥೆ, ಚುಟುಕಾಗಿ ಹೇಳ್ತೀನಿ. ಸಂವಿಧಾನ ಸಭೆ ಶುರುವಾದ 1946ರ ಡಿಸೆಂಬರಲ್ಲೇ ಆರ್.ವಿ. ಧುಲೇಕರ್ ಅನ್ನೋ ಸದಸ್ಯರು ಹಿಂದೂಸ್ತಾನೀಲಿ ಎದ್ದು ನಿಂತು, ಆ ಭಾಷೆ ಬಾರದೋರಿಗೆ ಈ ದೇಶದಲ್ಲಿರೋ ಹಕ್ಕೇ ಇಲ್ಲ ಅನ್ನೋ ಮಟ್ಟಕ್ಕೆ ಮಾತಾಡಿದ್ರು. ಅಲ್ಲಿಂದ 1949ರ ಸೆಪ್ಟೆಂಬರ್ 14ರವರೆಗೂ ಜಗ್ಗಾಟ. ನಮ್ಮ ಎಸ್. ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ರು, ಆಮೇಲೆ 1952ರಲ್ಲಿ ಚಿತ್ರದುರ್ಗದಿಂದಲೇ ಲೋಕಸಭೆಗೂ ಹೋದ್ರು. ಕೊನೇಗೆ ಮುನ್ಶಿ ಅಯ್ಯಂಗಾರ್ ಸೂತ್ರ ಅಂತ ಒಂದು ರಾಜಿ ಆಯ್ತು, ಹಿಂದಿ ಒಕ್ಕೂಟದ ಆಡಳಿತ ಭಾಷೆ, ಇಂಗ್ಲಿಷ್ ಇನ್ನು 15 ವರ್ಷ ಇರ್ಲಿ ಅಂತ. ಆ ಗಡುವು 1965ರ ಜನವರಿ 26ಕ್ಕೆ ಮುಗೀಬೇಕಿತ್ತು, ಮದ್ರಾಸಲ್ಲಿ ಹಿಂದಿ ವಿರೋಧಿ ಚಳವಳಿಯ ಬೆಂಕಿ ಹತ್ಕೊಳ್ತು, ಆಗಲೇ ಇದ್ದ 1963ರ ಅಧಿಕೃತ ಭಾಷಾ ಕಾಯ್ದೆಯನ್ನ 1967ರಲ್ಲಿ ತಿದ್ದುಪಡಿ ಮಾಡಿ ಇಂಗ್ಲಿಷನ್ನ ಗಟ್ಟಿಯಾಗಿ ಉಳಿಸ್ಕೊಂಡ್ರು. ನೋಡು, ಇಷ್ಟೂ ಜಗಳ ಹಿಂದಿಗೂ ಇಂಗ್ಲಿಷ್‌ಗೂ ನಡುವೆ. ಕನ್ನಡ, ತೆಲುಗು, ಒಡಿಯಾ, ಮರಾಠಿ ಇವೆಲ್ಲ ಪಕ್ಕದಲ್ಲಿ ನಿಂತು ನೋಡ್ತಿದ್ವು. ಆ "ಆಗದವರಿಗೆ" ಅನ್ನೋ ಸಾಲು ಹಾಗೇ ಉಳ್ಕೊಳ್ತು, ಇವತ್ತಿಗೂ ಬದಲಾಗಿಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ, ಕೇಳೋರು ಯಾರು ಅಂತ. ಇದು ತುಂಬ ಒಳ್ಳೆ ಪ್ರಶ್ನೆ, ಯಾಕಂದ್ರೆ ಭಾಷೆಯ ಹಕ್ಕು ಅಂದ ತಕ್ಷಣ ನಾವು ಬಾಯಿ ಬಗ್ಗೆ ಮಾತ್ರ ಯೋಚನೆ ಮಾಡ್ತೀವಿ, ಕಿವಿ ಬಗ್ಗೆ ಮಾಡಲ್ಲ. ಪಟೇಲರು ಕನ್ನಡದಲ್ಲಿ ಮಾತಾಡಿದಾಗ ಅಲ್ಲಿ ಕೂತಿದ್ದ ಮುಕ್ಕಾಲುವಾಸಿ ಜನಕ್ಕೆ ಒಂದಕ್ಷರ ತಿಳಿದಿರಲಿಕ್ಕಿಲ್ಲ. ಲೋಕಸಭೇಲಿ ಒಬ್ರು ಮಾತಾಡ್ತಿರುವಾಗಲೇ ಇನ್ನೊಂದು ಭಾಷೇಲಿ ಕಿವಿಗೆ ಹೇಳೋ ವ್ಯವಸ್ಥೆ 1964ರಲ್ಲಿ ಶುರುವಾಯ್ತು, ಅದೂ ಹಿಂದಿ ಇಂಗ್ಲಿಷ್ ನಡುವೆ ಮಾತ್ರ, ಉಳಿದ ಭಾಷೆಗಳು ಆಮೇಲೆ ಒಂದೊಂದಾಗಿ ಬಂದ್ವು. ಸಭಾಂಗಣದ ಪಕ್ಕದಲ್ಲಿ ಗಾಜಿನ ಬೂತಲ್ಲಿ ಕೂತ್ಕೊಂಡು, ಸದಸ್ಯರು ಒಂದು ವಾಕ್ಯ ಹೇಳ್ತಿದ್ದ ಹಾಗೇ ಅದನ್ನ ಇನ್ನೊಂದು ಭಾಷೇಲಿ ಹೇಳ್ತಾ ಹೋಗ್ಬೇಕು, ಅಷ್ಟರಲ್ಲಿ ಮುಂದಿನ ವಾಕ್ಯ ಕಿವಿಗೆ ಬಿದ್ದಿರುತ್ತೆ. ಕನ್ನಡ ಹಿಂದಿಗಳಲ್ಲಿ ಕ್ರಿಯಾಪದ ಕೊನೇಗೆ ಬರುತ್ತೆ, ಇಂಗ್ಲಿಷಲ್ಲಿ ಮೊದಲೇ ಬೇಕು, ಆದ್ರಿಂದ ಸದಸ್ಯರು "ಭದ್ರಾ ನೀರನ್ನ ದಾವಣಗೆರೆ ರೈತರಿಗೆ" ಅಂತ ಶುರು ಮಾಡಿದ್ರೆ ಮುಂದೆ "ಕೊಟ್ಟಿದ್ದಾರೆ" ಅಂತಾರೋ "ಕೊಟ್ಟಿಲ್ಲ" ಅಂತಾರೋ ಬೂತಲ್ಲಿ ಕೂತೋರಿಗೆ ಗೊತ್ತಾಗಲ್ಲ, ಉಸಿರು ಬಿಗಿ ಹಿಡ್ಕೊಂಡು ಕಾಯಬೇಕು. ಇಷ್ಟು ಕಷ್ಟದ ಕೆಲಸವನ್ನ ಹೆಸರಿಲ್ಲದೆ ಮಾಡೋರು ಅವರು. ಅದಕ್ಕೇ ಇಂಥ ಭಾಷೇಲಿ ಮಾತಾಡ್ತೀನಿ ಅಂತ ಸದಸ್ಯರು ಮುಂಚೇನೇ ತಿಳಿಸೋ ಪದ್ಧತಿ ಇರೋದು.

ರಾಜ್ಯಸಭೇಲಿ 2018ರಲ್ಲಿ, ವೆಂಕಯ್ಯ ನಾಯ್ಡು ಸಭಾಪತಿ ಆಗಿದ್ದಾಗ, ಸಂವಿಧಾನದ ಎಂಟನೇ ಪರಿಚ್ಛೇದದ ಪಟ್ಟೀಲಿರೋ 22 ಭಾಷೇಲೂ ಮಾತಾಡೋ ವ್ಯವಸ್ಥೆ ಆಯ್ತು. ಲೋಕಸಭೇಲಿ ಹಿಂದಿ ಇಂಗ್ಲಿಷ್ ಬಿಟ್ಟು ಕನ್ನಡವೂ ಸೇರಿ ಹತ್ತು ಭಾಷೆಗೆ ಅನುವಾದ ಇತ್ತು, 2025ರ ಫೆಬ್ರವರೀಲಿ ಸ್ಪೀಕರ್ ಓಂ ಬಿರ್ಲಾ ಇನ್ನೂ ಆರು ಸೇರಿಸಿದ್ರು, ಬೋಡೊ, ಡೋಗ್ರಿ, ಮೈಥಿಲಿ, ಮಣಿಪುರಿ, ಉರ್ದು, ಸಂಸ್ಕೃತ. ಆ ದಿನಾನೇ ಡಿಎಂಕೆಯ ದಯಾನಿಧಿ ಮಾರನ್ ಎದ್ದು ಸಂಸ್ಕೃತಕ್ಕೆ ಯಾಕೆ ದುಡ್ಡು ಖರ್ಚು ಅಂತ ಜಗಳ ತೆಗೆದ್ರು. 2011ರ ಜನಗಣತೀಲಿ ಸಂಸ್ಕೃತ ನಮ್ಮ ಮಾತೃಭಾಷೆ ಅಂದೋರು 24,821 ಜನ. ಈ ಸಂಖ್ಯೆ ನೆನಪಿಟ್ಕೊ, ಮುಂದೆ ಬೇಕಾಗುತ್ತೆ.

ಆದ್ರೆ ಬೂತು, ಇಯರ್‌ಫೋನು ಇದ್ದ ಮಾತ್ರಕ್ಕೆ ಎಲ್ಲಾ ಸರಿಹೋಯ್ತು ಅಂತಲ್ಲ. ನಂದೇ ಒಂದು ಅನುಭವ ಹೇಳ್ತೀನಿ. ತೊಂಬತ್ತರ ದಶಕದಲ್ಲಿ ಹರಿಹರದ ಕಡೆ ಒಂದು ಹಳ್ಳೀಲಿ ಕೆರೆ ಹೂಳಿನ ಬಗ್ಗೆ ಸಭೆ, ಹೊರ ರಾಜ್ಯದ ಅಧಿಕಾರಿಯೊಬ್ರು ಬಂದಿದ್ರು, ಮೇಷ್ಟ್ರು ಇಂಗ್ಲಿಷ್ ಬಲ್ಲೋರು ಅಂತ ನನ್ನ ಕೂರಿಸಿದ್ರು ಅನುವಾದಕ್ಕೆ. ಒಬ್ಬ ವಯಸ್ಸಾದ ರೈತರು ಎದ್ರು. ಕೆರೆ ಕಟ್ಟಿಸಿದೋರ ಕಾಲದಿಂದ ಶುರು ಮಾಡಿ, ತಮ್ಮ ಅಪ್ಪ ತೂಬು ಕಾಯ್ತಿದ್ದದ್ದು, ಹೂಳು ಹೇಗೆ ಅಂಗೈ ಅಗಲ ಅಗಲ ಏರ್ತಾ ಬಂತು, ಬೇಲಿ ಹಾಕಿದೋರು ಯಾರು, ಕೋರ್ಟಿಗೆ ಹೋಗಿ ಎಷ್ಟು ಎಕರೆ ಮಾರಿದ್ರು, ಎಲ್ಲಾ ಹೇಳಿ "ಕೆರೆ ಒಡಲು ತುಂಬೋದ್ರೊಳಗೆ ನನ್ನ ಒಡಲು ಬತ್ತಿ ಹೋತು ಸ್ವಾಮಿ" ಅಂತ ಮುಗಿಸಿದ್ರು. ಐದು ಆರು ನಿಮಿಷ ಆಗಿರ್ಬೇಕು. ನಾನು ಇಂಗ್ಲಿಷಲ್ಲಿ ಹೇಳಿದ್ದು ಮೂರು ವಾಕ್ಯ, ಕೆರೇಲಿ ಹೂಳು ತುಂಬಿದೆ, ಒತ್ತುವರಿ ಆಗಿದೆ, ಇವರ ಜೀವನೋಪಾಯಕ್ಕೆ ತೊಂದರೆ ಆಗಿದೆ, ಅಷ್ಟೇ. ಆ ಅಜ್ಜಾರು ನನ್ನ ಮುಖ ನೋಡಿ "ಅಷ್ಟೊತ್ತು ಹೇಳಿದ್ದು ಇಷ್ಟೇ ಏನ್ ಮೇಷ್ಟ್ರೇ?" ಅಂದ್ರು. ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಆದ್ರೆ ಉದ್ದ ಗೊತ್ತಾಯ್ತಲ್ಲ. ಇವತ್ತಿಗೂ ಆ ಮಾತು ನನ್ನ ಚುಚ್ಚುತ್ತೆ. ಅವರಿಗೆ ಅನ್ಯಾಯ ಮಾಡ್ದೆ ನಾನು, ಅದು ಭಾಷೆ ಬಾರದೆ ಅಲ್ಲ, ಮೇಲಿನೋರಿಗೆ ಇಷ್ಟು ಸಾಕು ಅಂತ ನಾನೇ ತೀರ್ಮಾನ ಮಾಡಿದ್ರಿಂದ.

ಸಂಸತ್ತಿನ ದಾಖಲೇಲೂ ಇಂಥದ್ದೇ ಒಂದು ನಷ್ಟ ಇದೆ. ಲೋಕಸಭೆ ಚರ್ಚೆಯ ಅಚ್ಚಾದ ವರದಿ ತೆಗೆದು ನೋಡು. ಕನ್ನಡದಲ್ಲಿ ಮಾಡಿದ ಭಾಷಣದ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಇರುತ್ತೆ, ಕೆಳಗೆ, ಇದು ಮೂಲತಃ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ ಅಂತ ಅಡಿಟಿಪ್ಪಣಿ. ಮೇಲೆ ಪೂರ್ತಿ ಇಂಗ್ಲಿಷ್. ಹಿಂದೀಲಿ ಮಾತಾಡಿದ್ರೆ ದೇವನಾಗರೀಲಿ ಅವರ ಮಾತೇ ಇರುತ್ತೆ, ನಮ್ಮದಕ್ಕೆ ನಕ್ಷತ್ರ. ಈಗ ವಿಡಿಯೋ ಇದೆ, ಸಂಸದ್ ಟಿವಿಲಿ ಹುಡುಕಿದ್ರೆ ಕನ್ನಡ ದನಿ ಕೇಳುತ್ತೆ, ಅದೊಂದು ಸಮಾಧಾನ, ಆದ್ರೆ ಹಳೇ ಭಾಷಣಗಳ ಕನ್ನಡ ಪದಗಳು ಅಚ್ಚಲ್ಲಿ ಸಿಗಲ್ಲ. ನಮ್ಮೂರ ಎಂಪಿ ಒಬ್ರು ಮಂಡಕ್ಕಿ ಭಟ್ಟಿ ಬಗ್ಗೆ, ಎರೆಹೊಲದ ಬಗ್ಗೆ, ಬಗರ್ ಹುಕುಂ ಅರ್ಜಿ ಬಗ್ಗೆ ಮಾತಾಡಿದ್ರೆ ಆ ಪದಗಳೇ ಮುಂದೆ ದಾಖಲೇಲಿ ಇರ್ಬೇಕು, ಅವಕ್ಕೆ ಇಂಗ್ಲಿಷಲ್ಲಿ ಏನು ಹೇಳಿದ್ರೂ ಅರ್ಧ ಮಾತ್ರ. ಕನ್ನಡ ಲಿಪೀಲೇ ಮೂಲ ಭಾಷಣ ಅಚ್ಚಾಗಲಿ, ಪಕ್ಕದಲ್ಲಿ ಅನುವಾದ ಇರಲಿ ಅಂತ ನಾವು ಕೇಳ್ಬೇಕು. ಪ್ರಮಾಣವಚನ ಕನ್ನಡದಲ್ಲಿ ತಗೊಂಡ್ರು ಅಂತ ಒಂದು ನಿಮಿಷದ ಕ್ಲಿಪ್ ಎಲ್ಲರ ಫೋನಿಗೂ ಬರುತ್ತೆ, ಖುಷಿ ಆಗುತ್ತೆ, ನಂಗೂ ಆಗುತ್ತೆ. ಆದ್ರೆ ಮುಂದಿನ ಐದು ವರ್ಷ ಅವರು ಏನು ಕೇಳಿದ್ರು, ಯಾವ ಭಾಷೇಲಿ ಕೇಳಿದ್ರು, ಆ ಮಾತು ಎಲ್ಲಿ ಉಳೀತು ಅಂತ ನೋಡೋರು ತೀರಾ ಕಡಿಮೆ.

ಹಂಗಂತ ಇಂಗ್ಲಿಷಲ್ಲಿ ಮಾತಾಡೋ ಎಂಪಿ ಎಲ್ಲಾ ಕನ್ನಡದ್ರೋಹಿ ಅನ್ನೋ ಮಾತಿಗೆ ನಾನು ಬಿಲ್ಕುಲ್ ಒಪ್ಪಲ್ಲ. ಸಿಗೋ ಟೈಮು ಎರಡು ಮೂರು ನಿಮಿಷ. ಎದುರಿಗೆ ಕೂತ ಮಂತ್ರಿ ಇಯರ್‌ಫೋನ್ ಹಾಕ್ಕೊಂಡಿದಾರೋ ಇಲ್ವೋ ಗೊತ್ತಿಲ್ಲ. ಚಿತ್ರದುರ್ಗದೋರನ್ನ ಕೇಳು, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಫೆಬ್ರವರಿ ಕೇಂದ್ರ ಬಜೆಟ್ಟಲ್ಲಿ ಇಂಗ್ಲಿಷಲ್ಲಿ ಓದಿದ ಆ ಒಂದು ವಾಕ್ಯ ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆಯ ಪ್ರತಿ ಟೀ ಅಂಗಡೀಲೂ ಬಾಯಿಪಾಠ ಆಗಿದೆ. ಆ ದುಡ್ಡು ಎಲ್ಲಿ ಸ್ವಾಮಿ ಅಂತ ಮಂತ್ರೀನ ಹಿಡಿದು ಕೇಳಬೇಕಾದ್ರೆ, ಅವರದೇ ವಾಕ್ಯವನ್ನ ಅವರದೇ ಭಾಷೇಲಿ ಎತ್ತಿ ಮುಖಕ್ಕೆ ಹಿಡಿಯೋದು ಜಾಣತನ. ಅಲ್ಲಿ ನಡುವೆ ಅನುವಾದಕ ಬೇಡ. ಅಂಕಿ ಸಂಖ್ಯೆ, ಕಾಯ್ದೆಯ ಸೆಕ್ಷನ್ನು, ಮಂತ್ರಿ ಕೊಟ್ಟ ಭರವಸೆ, ಇಂಥವನ್ನ ಇಂಗ್ಲಿಷಲ್ಲೇ ಕೇಳಲಿ ಅಂತೀನಿ ನಾನು. ಆದ್ರೆ ನೀರು ಬರದ ಹೊಲದ ಅಂಚಲ್ಲಿ ನಿಂತೋರ ಕಥೆ ಹೇಳಬೇಕಾದ್ರೆ, ಆ ಕಥೆ ಯಾವ ಭಾಷೇಲಿ ನಡೀತೋ ಅದರಲ್ಲೇ ಬರಬೇಕು, ಯಾಕಂದ್ರೆ ಅದನ್ನ ಕೇಳ್ತಿರೋದು ಮಂತ್ರಿ ಒಬ್ರೇ ಅಲ್ಲ, ಮನೇಲಿ ಫೋನ್ ಹಿಡ್ಕೊಂಡು ನೋಡ್ತಿರೋ ಆ ರೈತನೂ ಕೇಳ್ತಿರ್ತಾನೆ, ತನ್ನ ಪರವಾಗಿ ಅಲ್ಲಿ ಏನು ಹೇಳಿದ್ರು ಅನ್ನೋದು ಅವನಿಗೆ ಯಾರ ಸಹಾಯಾನೂ ಇಲ್ಲದೆ ಅರ್ಥ ಆಗ್ಬೇಕು.

ಇನ್ನೊಂದು ಉದಾಹರಣೆ ಕೊಡ್ತೀನಿ. 1962ರಲ್ಲಿ ಸಿ.ಎನ್. ಅಣ್ಣಾದುರೈ ರಾಜ್ಯಸಭೇಲಿ ಮೊದಲ ಭಾಷಣ ಮಾಡಿದ್ರು, ತಾನು ದ್ರಾವಿಡ ಅಂತ ಎದೆತಟ್ಟಿ ಹೇಳಿದ ಭಾಷಣ ಅದು. ಮಾಡಿದ್ದು ಇಂಗ್ಲಿಷಲ್ಲಿ. ತಮಿಳಲ್ಲಿ ಅವರಂಥ ಮಾತುಗಾರ ಇನ್ನೊಬ್ಬ ಇರ್ಲಿಲ್ಲ, ಆದ್ರೂ ಆ ದಿನ ಡೆಲ್ಲಿಗೇ ನೇರವಾಗಿ ಹೇಳಬೇಕಿತ್ತು, ಅದಕ್ಕೆ ಆ ಭಾಷೆ ತಗೊಂಡ್ರು. ಅವರ ತಮಿಳುತನ ಅದರಿಂದ ಕಡಿಮೆ ಆಯ್ತಾ? ಪಟೇಲರು ಇಂಗ್ಲಿಷ್ ಬರ್ತಿದ್ರೂ ಕನ್ನಡ ತಗೊಂಡ್ರು, ಅಣ್ಣಾದುರೈ ತಮಿಳು ಉಕ್ಕಿ ಬರ್ತಿದ್ರೂ ಇಂಗ್ಲಿಷ್ ತಗೊಂಡ್ರು. ಇಬ್ರೂ ಯಾಕೆ ಅಂತ ತಿಳ್ಕೊಂಡು ಮಾಡಿದ್ರು. ನಾನು ಬೆಲೆ ಕೊಡೋದು ಆ ತಿಳುವಳಿಕೆಗೆ. ಅದಕ್ಕೇ ನಿನ್ನ ಫ್ರೆಂಡ್ಸ್ "ನಿಜವಾದ ಕನ್ನಡತಿ" ಅಂದಿದ್ದು ಪ್ರೀತಿಯಿಂದ್ಲೇ ಇರಬಹುದು, ಆದ್ರೆ ಇಂಗ್ಲಿಷಲ್ಲಿ ಮಾತಾಡಿದ ಇನ್ನೊಬ್ಬ ಹುಡುಗಿ ಸುಳ್ಳು ಕನ್ನಡತಿ ಅಂತ ಅದರ ಅರ್ಥ ಆಗಬಾರದು.

"ಎಲ್ಲರಿಗೂ ಬರೋ ಭಾಷೆ ಒಂದಿರುವಾಗ ಇನ್ನೊಂದು ಯಾಕೆ" ಅನ್ನೋ ಜಗಳ ನಮ್ಮ ದೇಶದ್ದು ಮಾತ್ರ ಅಲ್ಲ. ಸ್ಪೇನ್ ದೇಶದ ಸಂಸತ್ತಿನ ಕೆಳಮನೇಲಿ 2023ರ ಸೆಪ್ಟೆಂಬರಲ್ಲಿ ಕೆಟಲಾನ್, ಬಾಸ್ಕ್, ಗಲೀಸಿಯನ್ ಭಾಷೆಗಳಲ್ಲಿ ಮಾತಾಡೋಕೆ ಮೊದಲ ಸಲ ಬಿಟ್ರು. ಆ ಭಾಷೆ ಮಾತಾಡೋ ಅಷ್ಟೂ ಸದಸ್ಯರಿಗೆ ಸ್ಪ್ಯಾನಿಷ್ ನೀರು ಕುಡಿದಷ್ಟು ಸಲೀಸು. ವೋಕ್ಸ್ ಅನ್ನೋ ಪಕ್ಷದೋರು ಸಿಟ್ಟಿಂದ ತಮ್ಮ ಇಯರ್‌ಫೋನ್ ತೆಗೆದು ಪ್ರಧಾನಿ ಕೂರೋ ಸೀಟಿನ ಮೇಲೆ ಇಟ್ಟು ಹೊರಗೆ ನಡೆದ್ರು. ಅವರ ವಾದ ನಿನ್ನ ತೀರ್ಪುಗಾರರದ್ದೇ, ನಿಮಗೆ ಸ್ಪ್ಯಾನಿಷ್ ಬರುತ್ತಲ್ಲ ಅಂತ. ಬರುತ್ತೆ, ಆದ್ರೂ ಈ ದೇಶ ನಮ್ಮದೂ ಹೌದು ಅಂದ್ಮೇಲೆ ನಮ್ಮ ಭಾಷೆ ಈ ಮನೇಲಿ ಕೇಳಿಸಬೇಕು ಅನ್ನೋದು ಇವರ ಉತ್ತರ. ನಾನು ಈ ಕಡೆಯೋನು.

ಈಗ ನಿನ್ನ ಮೂರನೇ ಪ್ರಶ್ನೆ. ಇದನ್ನ ಬರೆಯೋಕೆ ಮುಂಚೆ ಎರಡು ದಿನ ಯೋಚನೆ ಮಾಡಿದೀನಿ ತಾಯಿ.

120ನೇ ವಿಧಿ ರಾಜ್ಯಭಾಷೆ ಅನ್ನಲ್ಲ, ಮಾತೃಭಾಷೆ ಅನ್ನುತ್ತೆ. ಅಕ್ಷರಶಃ ನೋಡಿದ್ರೆ ನೀನು ಎಂಪಿ ಆಗಿ ಹೋದ್ರೆ ಲಂಬಾಣೀಲಿ ಮಾತಾಡೋಕೆ ಅನುಮತಿ ಕೇಳಬಹುದು. ಆದ್ರೆ ಬೂತಲ್ಲಿ ಲಂಬಾಣಿ ಬಲ್ಲೋರು ಇಲ್ಲ, ಯಾಕಂದ್ರೆ ಲಂಬಾಣಿ ಎಂಟನೇ ಪರಿಚ್ಛೇದದಲ್ಲಿ ಇಲ್ಲ. 1950ರಲ್ಲಿ 14 ಭಾಷೆ ಇತ್ತು ಅದರಲ್ಲಿ, 1967ರಲ್ಲಿ ಸಿಂಧಿ, 1992ರಲ್ಲಿ ಕೊಂಕಣಿ ಮಣಿಪುರಿ ನೇಪಾಳಿ, 2003ರಲ್ಲಿ ಬೋಡೊ ಡೋಗ್ರಿ ಮೈಥಿಲಿ ಸಂತಾಲಿ ಸೇರಿ 22 ಆಯ್ತು, ಅಲ್ಲಿಗೆ ನಿಂತಿದೆ. ತುಳುವೂ ಹೊರಗೇ. ಇನ್ನೊಂದು ವಿಷ್ಯ ನಿಂಗೆ ಗೊತ್ತಿದೆಯೋ ಇಲ್ವೋ, ಜನಗಣತೀಲಿ ನಿಮ್ಮನೆಯೋರು ಮಾತೃಭಾಷೆ ಲಂಬಾಣಿ ಅಂತ ಬರೆಸಿದ್ರೂ ಅದನ್ನ ಕೊನೇಗೆ ಹಿಂದಿ ಅನ್ನೋ ತಲೆಬರಹದ ಕೆಳಗೆ ಸೇರಿಸಿ ಲೆಕ್ಕ ಹಾಕ್ತಾರೆ. 2011ರಲ್ಲಿ ಹಾಗೆ ಹಿಂದಿ ಲೆಕ್ಕಕ್ಕೆ ಸೇರಿದ ಲಂಬಾಣಿಗರು 32 ಲಕ್ಷಕ್ಕೂ ಜಾಸ್ತಿ. ಅಂದ್ರೆ ನ್ಯಾಮತಿ ತಾಲೂಕಿನ ತಾಂಡಾದಲ್ಲಿ ಹುಟ್ಟಿ, ದಾವಣಗೆರೇಲಿ ಕನ್ನಡದಲ್ಲಿ ಓದ್ತಿರೋ ನೀನು, ಸರ್ಕಾರದ ಲೆಕ್ಕದಲ್ಲಿ ಹಿಂದಿಯೋಳು. ಇಪ್ಪತ್ತೈದು ಸಾವಿರ ಜನ ಇಲ್ಲದ ಭಾಷೆಗೆ ಬೂತಿದೆ, 32 ಲಕ್ಷ ಜನರ ಭಾಷೆಗೆ ಹೆಸರೂ ಇಲ್ಲ. ಸಂಸ್ಕೃತ ಬೇಡ ಅಂತಲ್ಲ ನಾನು ಹೇಳ್ತಿರೋದು, ಅದಿರಲಿ, ಆದ್ರೆ ನಿಮ್ಮ ಗೋರ್ ಬೋಲಿಗೆ, ಅಂದ್ರೆ ಲಂಬಾಣಿಗೆ, ಜಾಗ ಇಲ್ಲ ಅನ್ನೋಕೆ ಜನ ಕಡಿಮೆ ಅನ್ನೋ ನೆಪ ಹೇಳೋ ಹಾಗಿಲ್ಲ.

ಇದನ್ನ 1949ರಲ್ಲೇ ಒಬ್ರು ಎತ್ತಿದ್ರು. ಜೈಪಾಲ್ ಸಿಂಗ್ ಮುಂಡಾ ಅಂತ, ಹಾಕಿ ಆಡಿ 1928ರ ಒಲಿಂಪಿಕ್ಸ್‌ಗೆ ಭಾರತ ತಂಡದ ಕ್ಯಾಪ್ಟನ್ ಆಗಿ ಹೋಗಿದ್ದೋರು, ಸಂವಿಧಾನ ಸಭೇಲಿ ಆದಿವಾಸಿಗಳ ದೊಡ್ಡ ದನಿ. ಮುಂಡಾರಿ, ಗೊಂಡಿ, ಒರಾಂವ್ ಭಾಷೆಗಳನ್ನ ಪರಿಚ್ಛೇದಕ್ಕೆ ಸೇರಿಸಿ ಅಂತ ಕೇಳಿದ್ರು. ಸೇರಿಸಲಿಲ್ಲ, ಇವತ್ತಿಗೂ ಆ ಮೂರೂ ಇಲ್ಲ. ಆದ್ರೆ ಸಂತಾಲಿ ಬಂತು ನೋಡು, 2003ರಲ್ಲಿ, ಅದಾಗಿ 2019ರ ಡಿಸೆಂಬರಲ್ಲಿ ಒಡಿಶಾದ ಸರೋಜಿನಿ ಹೆಂಬ್ರಮ್ ರಾಜ್ಯಸಭೇಲಿ ಎದ್ದು ನಿಂತು ಸಂತಾಲೀಲಿ ಮಾತಾಡಿದ್ರು, ಆ ಸಭೇಲಿ ಆ ಭಾಷೆ ಕೇಳಿದ್ದು ಅದೇ ಮೊದಲು. ಕೆನಡಾದಲ್ಲಿ ರಾಬರ್ಟ್ ಫಾಲ್ಕನ್ ಉಯೆಲೆಟ್ ಅನ್ನೋ ಸದಸ್ಯರು 2017ರಲ್ಲಿ ಕ್ರೀ ಅನ್ನೋ ಮೂಲನಿವಾಸಿ ಭಾಷೇಲಿ ಮಾತಾಡಿದಾಗ ಅನುವಾದಕ್ಕೆ ಯಾರೂ ಇರ್ಲಿಲ್ಲ, ಇಡೀ ಸಭೆಗೆ ಅದು ಬರೀ ಸದ್ದು. ಅವರು ಬಿಡಲಿಲ್ಲ, ಹೋರಾಡಿ, 2019ರ ಜನವರೀಲಿ ಮತ್ತೆ ಕ್ರೀ ಭಾಷೇಲೇ ಮಾತಾಡಿದ್ರು, ಆಗ ಎಲ್ಲರ ಕಿವೀಲೂ ಅನುವಾದ ಬರ್ತಿತ್ತು.

ಇಲ್ಲಿ ನಾವು ಕನ್ನಡಿಗರು ನಮ್ಮನ್ನೂ ಕೇಳ್ಕೊಬೇಕು. ಡೆಲ್ಲೀಲಿ ಕನ್ನಡ ಹಿತ್ತಲ ಬಾಗಿಲಲ್ಲಿ ಹೋಗೋದು ಅನ್ಯಾಯ ಅಂತೀವಿ, ಸರಿ. ಆದ್ರೆ ನಮ್ಮ ವಿಧಾನಸಭೆಗೆ ಅನ್ವಯ ಆಗೋ 210ನೇ ವಿಧೀಲೂ ಅದೇ ಸಾಲು ಇದೆ, ಅಲ್ಲಿ ತಲೆಬಾಗಿಲು ಕನ್ನಡದ್ದು, ಹಿತ್ತಲಲ್ಲಿ ನಿಂತಿರೋದು ತುಳು, ಕೊಡವ, ಲಂಬಾಣಿ. 2023ರಲ್ಲಿ ಪುತ್ತೂರಿನ ಶಾಸಕ ಅಶೋಕ್ ರೈ ವಿಧಾನಸಭೇಲಿ ತುಳುವಲ್ಲಿ ಮಾತಾಡಿದ್ರು, ಸ್ಪೀಕರ್ ಖಾದರ್ ಅವರಿಗೂ ತುಳು ಬರುತ್ತೆ, ಅವರೂ ತುಳುವಲ್ಲೇ ಉತ್ತರ ಕೊಟ್ರು. ನಂಗೆ ಅದು ತುಂಬ ಇಷ್ಟ ಆಯ್ತು. ಒಬ್ಬ ಲಂಬಾಣಿ ಶಾಸಕ ಎದ್ದು ಗೋರ್ ಬೋಲೀಲಿ ಮಾತಾಡಿದ್ರೂ ಅಷ್ಟೇ ಖುಷಿಯಿಂದ ಕೇಳೋ ಕಿವಿ ನಮಗೆ ಬರಬೇಕು.

ಹಾಗಿದ್ರೆ ನಿನ್ನ ಭಾಷೆ ಯಾವುದು? ಎರಡೂನು ಅಮ್ಮ. ಯಾರಿಗೂ ಲೆಕ್ಕ ಒಪ್ಪಿಸೋ ಅಗತ್ಯ ಇಲ್ಲ. ಮನೇಲಿ ಯಾಡಿ (ಅಮ್ಮ) ಜೊತೆ ಲಂಬಾಣಿ, ಸಂತೇಲಿ ಕನ್ನಡ, ಪರೀಕ್ಷೇಲಿ ಇಂಗ್ಲಿಷ್, ಇದು ನಿನ್ನೊಬ್ಬಳ ಪಾಡಲ್ಲ, ದಾವಣಗೆರೆಯ ಅರ್ಧ ಊರು ಹೀಗೇ ಬದುಕೋದು, ಆಜಾದ್ ನಗರದಲ್ಲಿ ಉರ್ದು, ಮೊಳಕಾಲ್ಮೂರು ಕಡೆ ಹೋದ್ರೆ ತೆಲುಗು, ಎಲ್ಲರೂ ಕನ್ನಡದೋರೇ. ಕನ್ನಡದಲ್ಲಿ ಮಾತಾಡಿದ್ದಕ್ಕೆ ನೀನು ಲಂಬಾಣಿತನ ಬಿಟ್ಟೆ ಅಂತಾನೂ ಅಲ್ಲ, ಲಂಬಾಣಿ ಅಂದಿದ್ದಕ್ಕೆ ಕನ್ನಡತಿ ಅಲ್ಲ ಅಂತಾನೂ ಅಲ್ಲ. ನೀನು ಆ ದಿನ ಎತ್ತಿಕೊಂಡಿದ್ದು ಕೊನೇ ಭಾಗದ ರೈತರ ವಿಷ್ಯ, ಅವರಲ್ಲಿ ಎಲ್ಲಾ ಜಾತಿ ಭಾಷೆಯೋರೂ ಇದಾರೆ, ಅವರೆಲ್ಲ ಒಟ್ಟಿಗೆ ಕೂತು ನಾಲೆ ಬಗ್ಗೆ ಜಗಳ ಆಡೋದು ಕನ್ನಡದಲ್ಲಿ. ಆದ್ರಿಂದ ಆ ವಿಷ್ಯಕ್ಕೆ ಕನ್ನಡಾನೇ ಸರಿಯಾದ ಭಾಷೆ. ನಾಳೆ ತಾಂಡಾಗಳನ್ನ ಕಂದಾಯ ಗ್ರಾಮ ಮಾಡೋ ವಿಷ್ಯ ಎತ್ತಿದ್ರೆ, ಕಬ್ಬು ಕಡಿಯೋಕೆ ಗುಳೆ ಹೋಗೋರ ವಿಷ್ಯ ಎತ್ತಿದ್ರೆ, ಲಂಬಾಣಿ ಬೇಕು ಅನ್ಸಬಹುದು ನಿಂಗೆ.

ಮುಂದಿನ ವರ್ಷ ಸ್ಪರ್ಧೆ ಇಟ್ಟಾಗ ಹೀಗೆ ಮಾಡು. ಹಿಂದಿನ ದಿನಾನೇ ಸ್ಪೀಕರ್ ಪಾತ್ರ ಮಾಡೋರಿಗೆ ಚೀಟಿ ಬರೆದು ಕೊಡು, ನಾನು ಕನ್ನಡದಲ್ಲಿ ಮಾತಾಡ್ತೀನಿ ಅಂತ, ಡೆಲ್ಲೀಲಿ ಕೊಡೋ ಹಾಗೇ. ಒಬ್ಬ ಗೆಳತೀನ ಅನುವಾದಕಿ ಅಂತ ಕೂರಿಸು, ಮೈಕ್ ಕೊಡು, ನೀನು ಹೇಳ್ತಿದ್ದ ಹಾಗೇ ಅವಳು ಇಂಗ್ಲಿಷಲ್ಲಿ ಹೇಳಲಿ, ಮೂರು ವಾಕ್ಯಕ್ಕೆ ಇಳಿಸಬೇಡ ಅಂತ ಮೊದಲೇ ಹೇಳಿರು. ಯಾರಾದ್ರೂ "ಇಂಗ್ಲಿಷ್ ಬರುತ್ತಲ್ಲ" ಅಂದ್ರೆ, ಬರುತ್ತೆ ಸರ್, ಕಾರಿಗನೂರಿನ ಪಟೇಲರಿಗೂ ಬರ್ತಿತ್ತು ಅನ್ನು. ಶುರುವಿನ ಎರಡು ವಾಕ್ಯ ಮಾತ್ರ ಲಂಬಾಣೀಲಿ ಹೇಳು. ಏನು ಹೇಳಬೇಕು ಅಂತ ಯಾಡೀನ ಕೇಳು, ಅವರು ಹೇಳಿದ್ದನ್ನ ಕನ್ನಡ ಅಕ್ಷರದಲ್ಲೇ ಬರ್ಕೊ, ಆಗುತ್ತೆ ಅಂದ್ರೆ ನಂಗೂ ಬರೆದು ಕಳಿಸು, ಅರ್ಥ ಕೆಳಗೆ ಬರೆದಿರು.